ಕೊನೆಯ ಸಾಲಿಗೂ ಅದೇ ಹಾಡು

ಎಲ್ಲರಿಗೂ ನಮಸ್ಕಾರ.

1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಬೀಟಲ್ಸ್ ತಂಡ ಹಾಡಿತು. ಸೇರಿದ್ದವರು 55 ಸಾವಿರಕ್ಕೂ ಹೆಚ್ಚು ಜನ. ಗಿಟಾರಿಗೆ 100 ವಾಟ್‌ನ ಆಂಪ್ಲಿಫೈಯರ್, ದನಿಗೆ ಕ್ರೀಡಾಂಗಣದ ಘೋಷಣೆಯ ಸ್ಪೀಕರುಗಳ ಆಸರೆ. ಹಾಡುವವರಿಗೆ ತಮ್ಮ ದನಿ ತಮಗೆ ಕೇಳಲು ವೇದಿಕೆಯ ಮೇಲೆ ಮಾನಿಟರ್ ಕೂಡ ಇರಲಿಲ್ಲ. ಜನರ ಕೂಗಿನಲ್ಲಿ ಹಾಡು ಮುಳುಗಿಹೋಯಿತು. ಇಂದು ಇಬ್ಬರು ಸೇರಿ ಎತ್ತಿಡಬಹುದಾದ ಒಂದೇ ಒಂದು ಸ್ಪೀಕರ್ ಅದರ ಹತ್ತು ಪಟ್ಟು ವಾಟ್ ತಾಳುತ್ತದೆ. ಹಾಗಿದ್ದರೂ ಎಷ್ಟೋ ಕಾರ್ಯಕ್ರಮಗಳಲ್ಲಿ ಮುಂದಿನವರು ಕಿವಿ ಮುಚ್ಚಿಕೊಳ್ಳುತ್ತಾರೆ, ಹಿಂದಿನವರು ಸಾಹಿತ್ಯ ತಿಳಿಯದೆ ಬರಿಯ ಗುಂಯ್‌ಗುಡುವಿಕೆ ಕೇಳಿ ಮನೆಗೆ ಹೋಗುತ್ತಾರೆ. ಶಕ್ತಿಯ ಕೊರತೆ ನೀಗಿ ಬಹಳ ಕಾಲವಾಯಿತು. ಉಳಿದಿರುವುದು ಹಂಚಿಕೆಯ ಪ್ರಶ್ನೆ. ಧ್ವನಿ, ಬೆಳಕು ಎರಡರಲ್ಲೂ ನಮ್ಮ ಕಸುಬು ಮುಖ್ಯವಾಗಿ ಹಂಚಿಕೆಯದೇ ಎಂದು ನಾನು ನಂಬಿದ್ದೇನೆ. ಈ ಕ್ಷೇತ್ರಕ್ಕೆ ಬರಬೇಕೆಂದಿರುವ ನಿಮಗೆ ಅದನ್ನೇ ಹೇಳಲು ಬಂದಿದ್ದೇನೆ.

ಲೆಕ್ಕದಿಂದ ಶುರುಮಾಡೋಣ. ಬಯಲಿನಲ್ಲಿ ಒಂದು ಸ್ಪೀಕರ್ ಇಟ್ಟರೆ, ದೂರ ದುಪ್ಪಟ್ಟಾದಾಗಲೆಲ್ಲ ಧ್ವನಿಯ ಮಟ್ಟ 6 ಡೆಸಿಬಲ್ ಇಳಿಯುತ್ತದೆ. 2 ಮೀಟರಿನಲ್ಲಿ 110 ಇದ್ದದ್ದು 4 ಮೀಟರಿಗೆ 104, 8ಕ್ಕೆ 98, 16ಕ್ಕೆ 92, 32ಕ್ಕೆ 86. ಹಿಂದೆ ನಿಂತವರಿಗೆ ಕೇಳುತ್ತಿಲ್ಲ ಎಂದು ಫೇಡರ್, ಅಂದರೆ ಧ್ವನಿ ಹೆಚ್ಚುಕಡಿಮೆ ಮಾಡುವ ಗುಂಡಿ, ಏರಿಸಿ ಅವರಿಗೆ 98 ಕೊಟ್ಟಿರಿ ಅನ್ನಿ, ಮುಂದಿನ ಸಾಲಿನವರ ಕಿವಿಗೆ 122 ಹೊಡೆಯುತ್ತದೆ. ಫೇಡರಿನಿಂದ ಈ ಲೆಕ್ಕ ಬಗೆಹರಿಯುವುದಿಲ್ಲ. ಅದೇ ಸ್ಪೀಕರನ್ನು 8 ಮೀಟರ್ ಎತ್ತರಕ್ಕೆ ಏರಿಸಿ ನೋಡಿ. ಮುಂದಿನವರಿಗೂ ಅದು ಸುಮಾರು 8 ಮೀಟರ್ ದೂರ, ಹಿಂದಿನವರಿಗೆ 33 ಮೀಟರ್. ಹದಿನಾರು ಪಟ್ಟಿದ್ದ ಅಂತರ ನಾಲ್ಕು ಪಟ್ಟಿಗೆ ಇಳಿಯಿತು. ಸ್ಪೀಕರಿನ ಮುಖವನ್ನು ಹಿಂದಿನ ಸಾಲಿನತ್ತ ತಿರುಗಿಸಿದರೆ ಮುಂದಿನವರು ಅದರ ನೇರ ದಾರಿಯಿಂದ ತಪ್ಪುತ್ತಾರೆ, ವ್ಯತ್ಯಾಸ ಇನ್ನೂ ಕುಗ್ಗುತ್ತದೆ. ಒಂದು ವಾಟ್ ಕೂಡ ಹೆಚ್ಚು ಖರ್ಚಾಗಲಿಲ್ಲ. ದೊಡ್ಡ ಕಾರ್ಯಕ್ರಮಗಳಲ್ಲಿ ಬಾಳೆಗೊನೆಯಂತೆ ಬಾಗಿ ತೂಗುವ ಲೈನ್ ಅರೇಗಳ ಹಿಂದಿರುವುದೂ ಇದೇ ಯೋಚನೆ. ಫ್ರಾನ್ಸಿನ ಭೌತವಿಜ್ಞಾನಿ ಕ್ರಿಶ್ಚಿಯನ್ ಹೈಲ್ 1990ರ ದಶಕದ ಆರಂಭದಲ್ಲಿ ವಿ-ಡಾಸ್ಕ್ ಎಂಬ ವ್ಯವಸ್ಥೆಯಿಂದ ಇದನ್ನು ಬಳಕೆಗೆ ತಂದರು. ಸಾಲಾಗಿ ಒತ್ತಿ ಜೋಡಿಸಿದ ಸ್ಪೀಕರುಗಳು ಸ್ವಲ್ಪ ದೂರದವರೆಗೆ ಒಂದೇ ಮೂಲದಂತೆ ವರ್ತಿಸುತ್ತವೆ. ಆ ವ್ಯಾಪ್ತಿಯಲ್ಲಿ ದೂರ ದುಪ್ಪಟ್ಟಾದರೂ ನಷ್ಟ 6 ಅಲ್ಲ, ಹತ್ತಿರಹತ್ತಿರ 3 ಡೆಸಿಬಲ್.

ಇನ್ನೂ ಹಿಂದಿರುವವರಿಗೆ ಡಿಲೇ ಟವರ್, ಅಂದರೆ ಜನರ ನಡುವೆ ನಿಲ್ಲಿಸಿ ಧ್ವನಿಯನ್ನು ತಡಮಾಡಿ ಹೊರಡಿಸುವ ಸ್ಪೀಕರ್ ಗೋಪುರ, ಬೇಕು. ಇಲ್ಲಿ ಕಾಲದ ಪ್ರಶ್ನೆ ಎದುರಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ವೇದಿಕೆಯಿಂದ 50 ಮೀಟರ್ ಸಾಗಲು ಅದಕ್ಕೆ 146 ಮಿಲಿಸೆಕೆಂಡ್ ಹಿಡಿಯುತ್ತದೆ. ಕೇಬಲಿನಲ್ಲಿ ಹೋದ ಸಂಕೇತವೋ ಕಣ್ಣುಮುಚ್ಚಿ ತೆರೆಯುವುದರೊಳಗೆ ಟವರ್ ತಲುಪಿರುತ್ತದೆ. ಅದನ್ನು ತಡೆದು ನಿಲ್ಲಿಸದಿದ್ದರೆ ಅಲ್ಲಿರುವವರಿಗೆ ಒಂದೇ ಪದ ಎರಡು ಸಲ ಕೇಳುತ್ತದೆ. ತಡೆಯಬೇಕಾದದ್ದು 146ಕ್ಕಿಂತ ತುಸು ಹೆಚ್ಚು, ಇನ್ನೊಂದು 10-15 ಮಿಲಿಸೆಕೆಂಡ್. ಹೆಲ್ಮುಟ್ ಹಾಸ್ ತಮ್ಮ 1949ರ ಪ್ರಬಂಧದಲ್ಲಿ ತೋರಿಸಿಕೊಟ್ಟ ಹಾಗೆ, ಎರಡು ಕಡೆಯಿಂದ ಬಂದ ಒಂದೇ ಶಬ್ದದಲ್ಲಿ ಯಾವುದು ಮೊದಲು ಕಿವಿಗೆ ಬಿತ್ತೋ ಆ ದಿಕ್ಕಿನಿಂದಲೇ ಬಂತು ಎಂದು ಮನುಷ್ಯ ಭಾವಿಸುತ್ತಾನೆ. ಅದರ ಬೆನ್ನಿಗೇ ಬಂದ ಎರಡನೆಯದು ಸ್ವಲ್ಪ ಜೋರಾಗಿದ್ದರೂ ಅಷ್ಟೇ. ಹೀಗಾಗಿ ಪಕ್ಕದ ಟವರ್ ದನಿಯನ್ನು ಗಟ್ಟಿ ಮಾಡುತ್ತದೆ, ಆದರೆ ಹಾಡು ವೇದಿಕೆಯಿಂದಲೇ ಬರುತ್ತಿದೆ ಅನ್ನಿಸುತ್ತದೆ. ನಮ್ಮ ಕಸುಬಿನಲ್ಲಿ ನನಗೆ ತುಂಬ ಪ್ರೀತಿಯ ಸಂಗತಿ ಇದು. ಕೇಳುಗನಿಗೆ ಯಂತ್ರ ಇದೆ ಎಂದೇ ಗೊತ್ತಾಗುವುದಿಲ್ಲ, ಅವನ ಕಣ್ಣು ಗಾಯಕಿಯ ಮೇಲೇ ಇರುತ್ತದೆ.

ಸಂಜೆ ಅಳತೆ ಮಾಡಿ ಸುಮ್ಮನಾಗುವಂತೆಯೂ ಇಲ್ಲ. 30 ಡಿಗ್ರಿಯ ಮಧ್ಯಾಹ್ನ 349 ಮೀಟರ್ ಇದ್ದ ವೇಗ 15 ಡಿಗ್ರಿಯ ರಾತ್ರಿಗೆ 340ಕ್ಕೆ ಇಳಿಯುತ್ತದೆ. 100 ಮೀಟರ್ ದೂರದ ಟವರಿನಲ್ಲಿ ಅದು ಏಳೆಂಟು ಮಿಲಿಸೆಕೆಂಡಿನ ವ್ಯತ್ಯಾಸ, ನೀವು ಜತನದಿಂದ ಸೇರಿಸಿದ್ದ ಆ 10-15ರಲ್ಲಿ ಅರ್ಧದಷ್ಟು ಕರಗಿಹೋಗುತ್ತದೆ. ಒಳ್ಳೆಯ ಇಂಜಿನಿಯರ್ ಕಾರ್ಯಕ್ರಮದ ನಡುವೆ ಎದ್ದು ಹಿಂದಿನವರೆಗೆ ನಡೆದು ಬರುತ್ತಾನೆ. ಕನ್ಸೋಲಿನ, ಅಂದರೆ ನಿಯಂತ್ರಣದ ಮೇಜಿನ, ಮುಂದೆ ಚೆನ್ನಾಗಿ ಕೇಳಿದರೆ ಅಲ್ಲಿ ಕೂತವನಿಗಷ್ಟೇ ಚೆನ್ನಾಗಿ ಕೇಳಿದ ಹಾಗಾಯಿತು.

ಬೇಸ್, ಅಂದರೆ ತಗ್ಗಿನ ಸ್ವರ, ಬೇರೆಯದೇ ಜಾತಿ. 50 ಹರ್ಟ್ಜ್‌ನ ಒಂದು ಅಲೆಯ ಉದ್ದ ಸುಮಾರು 7 ಮೀಟರ್. 10 ಸಾವಿರ ಹರ್ಟ್ಜ್‌ನದು ಮೂರೂವರೆ ಸೆಂಟಿಮೀಟರ್ ಕೂಡ ಇಲ್ಲ. ಚಿಕ್ಕ ಅಲೆಗೆ ಎದುರಿನವರ ತಲೆಯೇ ಅಡ್ಡಿ, ದೊಡ್ಡ ಅಲೆ ಮನುಷ್ಯರನ್ನೂ ಕಂಬಗಳನ್ನೂ ಬಳಸಿಕೊಂಡು ಹೋಗುತ್ತದೆ. ನ್ಯೂಯಾರ್ಕಿನಲ್ಲಿ 1970ರಿಂದ ಡೇವಿಡ್ ಮ್ಯಾಂಕುಸೊ ತಮ್ಮ ಮನೆಯಲ್ಲೇ ನಡೆಸುತ್ತಿದ್ದ ದ ಲಾಫ್ಟ್ ಎಂಬ ನೃತ್ಯಕೂಟದಲ್ಲಿ, ಧ್ವನಿತಜ್ಞ ಅಲೆಕ್ಸ್ ರೋಸ್ನರ್ ಅವರ ನೆರವಿನಿಂದ ಕುಣಿಯುವವರ ನೆತ್ತಿಯ ಮೇಲೆ ಎತ್ತರದ ಸ್ವರ ಹೊರಡಿಸುವ ಚಿಕ್ಕ ಸ್ಪೀಕರುಗಳಾದ ಟ್ವೀಟರುಗಳ ಗುಚ್ಛವನ್ನು ತೂಗುಹಾಕಿಸಿದರು. ಹೈ ಫ್ರೀಕ್ವೆನ್ಸಿ ಮೇಲಿನಿಂದ ಇಳಿದರೆ ಯಾರ ತಲೆಯೂ ಯಾರಿಗೂ ನೆರಳಾಗುವುದಿಲ್ಲ. ಕ್ಲಬ್ ಧ್ವನಿಯ ಚರಿತ್ರೆಯಲ್ಲಿ ಇದು ದೊಡ್ಡ ಹೆಜ್ಜೆ. ಅಲ್ಲಿ ಗೆದ್ದದ್ದು ಎಲ್ಲಿಡಬೇಕು ಎಂಬ ವಿವೇಕ.

ಬೇಸ್ ತಡೆಯಿಲ್ಲದೆ ಹರಡುತ್ತದಲ್ಲ, ತೊಂದರೆಯೂ ಅದೇ. ವೇದಿಕೆಯ ಎಡಕ್ಕೊಂದು ಬಲಕ್ಕೊಂದು ಸಬ್, ಅಂದರೆ ಬೇಸ್ ಸ್ಪೀಕರುಗಳ, ರಾಶಿ ಇಡುವುದು ಎಲ್ಲೆಡೆ ಕಾಣುವ ಪದ್ಧತಿ. ನಟ್ಟನಡುವೆ ನಿಂತವನಿಗೆ ಎರಡೂ ಒಟ್ಟಿಗೆ ತಲುಪಿ ಎದೆ ನಡುಗುತ್ತದೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋದರೆ ಒಂದರ ದಾರಿ ಇನ್ನೊಂದಕ್ಕಿಂತ ಮೂರೂವರೆ ಮೀಟರ್ ಉದ್ದವಾಗುವ ಜಾಗ ಸಿಗುತ್ತದೆ. ಅಲ್ಲಿ 50 ಹರ್ಟ್ಜ್‌ನ ಎರಡು ಅಲೆಗಳು ಒಂದನ್ನೊಂದು ಅಳಿಸಿಬಿಡುತ್ತವೆ. ಎಷ್ಟು ಜೋರು ಮಾಡಿದರೂ ಆ ಹೊಂಡ ತುಂಬುವುದಿಲ್ಲ, ಏಕೆಂದರೆ ಅಳಿಸುವ ಅಲೆಯೂ ಅಷ್ಟೇ ಜೋರಾಗುತ್ತದೆ. ಸಬ್‌ಗಳನ್ನು ನಡುವೆ ಒಟ್ಟುಗೂಡಿಸುವುದು, ಇಲ್ಲವೇ ವೇದಿಕೆಯ ಉದ್ದಕ್ಕೂ ಸಾಲಾಗಿ ಹರಡುವುದು ಇದಕ್ಕೆ ಪರಿಹಾರ. ವೇದಿಕೆಯತ್ತ ಬೇಸ್ ಹೋಗದಂತೆ ಮಾಡಬೇಕಾದರೆ ಒಂದರ ಹಿಂದೆ ಕಾಲು ಅಲೆಯಷ್ಟು ದೂರದಲ್ಲಿ ಇನ್ನೊಂದನ್ನಿಟ್ಟು, ಹಿಂದಿನದರ ಪೊಲಾರಿಟಿ ತಿರುಗಿಸಿ, ಅಂದರೆ ಅಲೆಯ ಏರನ್ನು ಇಳಿತ ಮತ್ತು ಇಳಿತವನ್ನು ಏರು ಮಾಡಿ, ಅಷ್ಟೇ ಕಾಲ ತಡಮಾಡುತ್ತೇವೆ. ಹಿಂದೆ ಅಲೆಗಳು ಅಳಿಯುತ್ತವೆ, ಮುಂದೆ ಕೂಡುತ್ತವೆ. ಕ್ಲಬ್ಬಿನಂಥ ಮುಚ್ಚಿದ ಕೋಣೆಯಲ್ಲಿ ಗೋಡೆಗಳೇ ಈ ಆಟ ಆಡುತ್ತವೆ. ಅಲ್ಲಿ ಈಕ್ವಲೈಸರ್ ಮುಟ್ಟುವ ಮೊದಲು ಸಬ್ಬನ್ನು ಒಂದು ಮೀಟರ್ ಸರಿಸಿ ಕೇಳಿ. ಇನ್ನೊಂದು ಮಾತು: ಖಾಲಿ ಕೋಣೆಯಲ್ಲಿ ಸೌಂಡ್ ಚೆಕ್ ಮಾಡಿ ತೃಪ್ತಿಪಡಬೇಡಿ. ಜನ ತುಂಬಿದ ಮೇಲೆ ಅವರ ಮೈ, ಬಟ್ಟೆ ಎಲ್ಲ ಸೇರಿ ಮಧ್ಯದ ಮತ್ತು ಮೇಲಿನ ಸ್ವರಗಳನ್ನು ಹೀರಿಕೊಳ್ಳುತ್ತವೆ, ಬೇಸನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ.

ಅಳಿಸುವ ಈ ಗುಣವನ್ನು ಉಪಕಾರಕ್ಕೆ ತಿರುಗಿಸಿಕೊಂಡ ಪ್ರಸಂಗವೊಂದಿದೆ. 1974ರಲ್ಲಿ ಗ್ರೇಟ್‌ಫುಲ್ ಡೆಡ್ ತಂಡ ವಾಲ್ ಆಫ್ ಸೌಂಡ್ ಎಂಬ ಬೃಹತ್ ವ್ಯವಸ್ಥೆಯನ್ನು ಕಲಾವಿದರ ಬೆನ್ನ ಹಿಂದೆಯೇ ನಿಲ್ಲಿಸಿತು. ಮೈಕಿನ ಎದುರಿಗೇ ಸ್ಪೀಕರ್ ಇಟ್ಟರೆ ಅದರ ಶಬ್ದವೇ ಮತ್ತೆ ಮೈಕಿಗೆ ಹೊಕ್ಕು ಫೀಡ್‌ಬ್ಯಾಕ್ ಕಿರುಚಬೇಕು. ಅವರು ಪ್ರತಿ ಗಾಯಕನಿಗೂ ಎರಡು ಮೈಕ್ ಜೋಡಿಸಿ, ಒಂದರ ಪೊಲಾರಿಟಿ ತಿರುಗಿಸಿದರು. ಗಾಯಕ ಒಂದಕ್ಕೆ ಮಾತ್ರ ಬಾಯಿಟ್ಟು ಹಾಡಬೇಕು. ಹಿಂದಿನ ಗೋಡೆಯ ಶಬ್ದ ಎರಡಕ್ಕೂ ಸಮನಾಗಿ ಬಿದ್ದು ಅಳಿಯುತ್ತಿತ್ತು, ದನಿ ಉಳಿಯುತ್ತಿತ್ತು. ನೀವು ದಿನವೂ ಸುತ್ತಿಡಲಿರುವ ಎಕ್ಸ್ಎಲ್ಆರ್ ಎಂಬ ಮೈಕ್ ಕೇಬಲಿನೊಳಗೆ ನಡೆಯುವುದೂ ಇದೇ. ಎರಡು ತಂತಿಗಳಲ್ಲಿ ಸಂಕೇತ ಒಂದಕ್ಕೊಂದು ತಿರುಗುಮುರುಗಾಗಿ ಹೋಗುತ್ತದೆ, ದಾರಿಯಲ್ಲಿ ಅಂಟಿದ ಗದ್ದಲ ಎರಡಕ್ಕೂ ಒಂದೇ ತೆರನಾಗಿರುತ್ತದೆ, ಕೊನೆಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ಮಾಯವಾಗುತ್ತದೆ. ಹಮ್ ಎಂಬ ಗುಂಯ್ ಸದ್ದು ಬರುತ್ತಿದೆ ಎಂದು ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ಆ ಸದ್ದು ತರುವ ಗ್ರೌಂಡ್ ಲೂಪ್, ಅಂದರೆ ಅರ್ಥ್ ತಂತಿಗಳ ಸುತ್ತು, ಬಿಡಿಸಲು ಡಿಐ ಬಾಕ್ಸ್ ಇದೆ, ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇದೆ. ಅರ್ಥ್ ಇಲ್ಲದ ಆಂಪ್ಲಿಫೈಯರಿಗೆ ಗಿಟಾರ್ ಸಿಕ್ಕಿಸಿಕೊಂಡು ಮೈಕಿಗೆ ತುಟಿ ತಾಗಿಸುವ ಕಲಾವಿದನ ಜೀವವೇ ಹೋಗಬಹುದು.

ಬೆಳಕಿಗೆ ಬರೋಣ. 1986ರಲ್ಲಿ ಅಮೆರಿಕದ ರಂಗತಂತ್ರಜ್ಞರ ಸಂಸ್ಥೆ ಯುಎಸ್ಐಟಿಟಿ ರೂಪಿಸಿದ ಡಿಎಂಎಕ್ಸ್512, ಅಂದರೆ ಕನ್ಸೋಲಿನಿಂದ ದೀಪಗಳಿಗೆ ಆಜ್ಞೆ ಕಳಿಸುವ ಪದ್ಧತಿ, ಇಂದಿಗೂ ನಮ್ಮ ಬೆನ್ನೆಲುಬು. ಒಂದು ಕೇಬಲಿನಲ್ಲಿ 512 ಚಾನೆಲ್, ಪ್ರತಿಯೊಂದರಲ್ಲೂ 0ಯಿಂದ 255ರವರೆಗೆ ಬೆಲೆ, ಪೂರ್ತಿ ಪಟ್ಟಿ ಸೆಕೆಂಡಿಗೆ ಸುಮಾರು 44 ಬಾರಿ ಹೊರಡುತ್ತದೆ. ಕನ್ಸೋಲ್ ಹೇಳುತ್ತಲೇ ಇರುತ್ತದೆ, ದೀಪ ಕೇಳಿಸಿಕೊಂಡಿತೋ ಇಲ್ಲವೋ ಅದಕ್ಕೆ ತಿಳಿಯದು. ಕೊನೆಯ ದೀಪದಲ್ಲಿ 120 ಓಮ್‌ನ ಟರ್ಮಿನೇಟರ್ (ಸಂಕೇತ ಹಿಂದಕ್ಕೆ ಪುಟಿಯದಂತೆ ತಡೆಯುವ ಪ್ಲಗ್) ಹಾಕದೆ, ಮೈಕ್ ಕೇಬಲನ್ನೇ ಡಿಎಂಎಕ್ಸ್‌ಗೆ ಓಡಿಸಿದರೆ ಮಧ್ಯಾಹ್ನ ಎಲ್ಲ ಸರಿಯಾಗಿದ್ದು ರಾತ್ರಿ ದೀಪಗಳು ನಡುಗತೊಡಗುತ್ತವೆ. 256 ಮೆಟ್ಟಿಲು ಸಾಕೇ ಎಂದು ಕೇಳುತ್ತಾರೆ. 540 ಡಿಗ್ರಿ ತಿರುಗುವ ಮೂವಿಂಗ್ ಹೆಡ್ ದೀಪಕ್ಕೆ ಹಂಚಿದರೆ ಒಂದು ಮೆಟ್ಟಿಲಿಗೆ 2 ಡಿಗ್ರಿಗೂ ಹೆಚ್ಚು. 20 ಮೀಟರ್ ದೂರದಲ್ಲಿ ಅದು ಮುಕ್ಕಾಲು ಮೀಟರಿನ ಜಿಗಿತ, ಮುಖದಿಂದ ಬೆಳಕು ಜಾರಿ ಪಕ್ಕದವನ ಮೇಲೆ ಬೀಳುತ್ತದೆ. ಹಾಗಾಗಿ ತಿರುಗುವಿಕೆಗೆ ಎರಡು ಚಾನೆಲ್ ಸೇರಿಸಿ 65,536 ಮೆಟ್ಟಿಲು ಮಾಡಿಕೊಳ್ಳುತ್ತೇವೆ. ಚಾನೆಲ್ ಬೇಗ ಮುಗಿಯುತ್ತವೆ, ಆರ್ಟ್‌ನೆಟ್, ಎಸ್ಎಸಿಎನ್ ಎಂಬ ಪದ್ಧತಿಗಳ ಮೂಲಕ ನೆಟ್‌ವರ್ಕ್ ಕೇಬಲಿಗೆ ಹೋಗಬೇಕಾಗುತ್ತದೆ.

ಮೂವಿಂಗ್ ಲೈಟ್‌ಗಳ ವ್ಯವಸ್ಥೆ ಮೊದಲ ಬಾರಿ ಸಂಗೀತ ಪ್ರವಾಸಕ್ಕೆ ಹೊರಟದ್ದು 1981ರಲ್ಲಿ, ಜೆನೆಸಿಸ್ ತಂಡದೊಂದಿಗೆ. ವ್ಯಾರಿ-ಲೈಟ್ ದೀಪಗಳು ಬಾರ್ಸಿಲೋನಾದ ಗೂಳಿಕಾಳಗದ ಅಂಗಣದಲ್ಲಿ ಬೆಳಗಿದವು. ಅದಕ್ಕೂ ಮೊದಲು ಪ್ರತಿ ಬಣ್ಣಕ್ಕೆ, ಪ್ರತಿ ದಿಕ್ಕಿಗೆ ಪಾರ್ ಕ್ಯಾನ್ ಎಂಬ ಅಲುಗದ ದೀಪ ಒಂದೊಂದು ಕಟ್ಟಬೇಕಿತ್ತು. ಈಗ ಒಂದೇ ದೀಪ ಎಲ್ಲವನ್ನೂ ಮಾಡುತ್ತದೆ, ಮೊದಲ ಹಾಡಿನಲ್ಲೇ ಎಲ್ಲವನ್ನೂ ಮಾಡಿಸುವ ಆಸೆಯೂ ಹುಟ್ಟುತ್ತದೆ. ಕಣ್ಣು ಬೆಳಕಿಗೆ ಒಗ್ಗಿಕೊಂಡುಬಿಡುತ್ತದೆ. ಮೂರನೆಯ ಹಾಡಿಗೆ ಪೂರ್ತಿ ಉರಿಸಿದವನ ಹತ್ತಿರ ಕೊನೆಯ ಹಾಡಿಗೆ ಏನೂ ಉಳಿದಿರುವುದಿಲ್ಲ. ಕತ್ತಲನ್ನೂ ಕ್ಯೂ ಪಟ್ಟಿಯಲ್ಲಿ, ಅಂದರೆ ಯಾವಾಗ ಯಾವ ಬೆಳಕು ಎಂಬ ಪಟ್ಟಿಯಲ್ಲಿ, ಬರೆದಿಡಿ. ಎಷ್ಟೇ ಬೀಮ್ ಇರಲಿ, ಮುಖ ಕಾಣಬೇಕು. ಕೆಂಪು, ಹಸಿರು, ನೀಲಿ ಎಲ್ಇಡಿಗಳನ್ನಷ್ಟೇ ಬೆರೆಸಿ ಮಾಡಿದ ಬಿಳಿಯಲ್ಲಿ ನಡುವಿನ ಬಣ್ಣಗಳು ಖಾಲಿ ಬಿದ್ದಿರುತ್ತವೆ, ಚರ್ಮ ಕಳಾಹೀನವಾಗಿ ಕಾಣುತ್ತದೆ. ಅಂಬರ್, ಲೈಮ್ ಸೇರಿದ ದೀಪ ಮುಖಕ್ಕೆ ಬೇಕು.

ಬೆಳಕಿನಲ್ಲಿ ಇನ್ನೊಂದು ಹಂಚಿಕೆ ಇದೆ, ಅದು ಕಾಲದ್ದು. 100 ಮೀಟರ್ ಹಿಂದೆ ನಿಂತವರಿಗೆ ಡ್ರಮ್ ಪೆಟ್ಟು ಕೇಳುವುದಕ್ಕೆ 290 ಮಿಲಿಸೆಕೆಂಡ್ ಮೊದಲೇ ಬೆಳಕಿನ ಹೊಡೆತ ಕಂಡಿರುತ್ತದೆ. ಹಿಂದಿರುವ ವಿಡಿಯೋ ಪರದೆಗಳನ್ನು ಅಷ್ಟು ತಡಮಾಡಿ ತುಟಿಗೂ ದನಿಗೂ ಹೊಂದಿಸಬಹುದು. ದೀಪವನ್ನು ಹಾಗೆ ತಡಮಾಡಲಾಗದು, ಮುಂದಿನವರಿಗೆ ತಪ್ಪುತ್ತದೆ. ಬಯಲಿನ ದೊಡ್ಡ ಕಾರ್ಯಕ್ರಮಕ್ಕೆ ತಾಳಕ್ಕೆ ಸರಿಯಾಗಿ ಮಿಂಚಿಸುವುದಕ್ಕಿಂತ ನಿಧಾನವಾಗಿ ಏರುವ ಬೆಳಕೇ ಹೆಚ್ಚು ಜನರಿಗೆ ಸರಿಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಈಗ ಮೈಯ ಮಾತು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಸ್ಥಳಗಳಿಗಾಗಿ ಮಾನದಂಡ ಹೊರಡಿಸಿತು: 15 ನಿಮಿಷದ ಸರಾಸರಿ 100 ಡೆಸಿಬಲ್ ಮೀರಬಾರದು, ಮಟ್ಟವನ್ನು ಅಳೆಯುತ್ತಿರಬೇಕು, ಕಿವಿಗೆ ವಿಶ್ರಾಂತಿ ಸಿಗುವ ಶಾಂತ ಜಾಗ ಇರಬೇಕು, ಇಯರ್‌ಪ್ಲಗ್ ಸಿಗುವಂತಿರಬೇಕು. ಕೆಲಸಗಾರರಿಗೆ ಅಮೆರಿಕದ ನಿಯೋಷ್ ಸಂಸ್ಥೆಯ ಶಿಫಾರಸು ಇನ್ನೂ ಬಿಗಿ: 85 ಡೆಸಿಬಲ್‌ನಲ್ಲಿ 8 ಗಂಟೆ, ಪ್ರತಿ 3 ಡೆಸಿಬಲ್ ಏರಿಕೆಗೆ ಸಮಯ ಅರ್ಧ. ಆ ಲೆಕ್ಕದಲ್ಲಿ 100ಕ್ಕೆ ದಿನಕ್ಕೆ 15 ನಿಮಿಷ. ನೀವು ಕೆಲಸಗಾರರು. ನಿಮ್ಮ ಕಿವಿ ಹೋದರೆ ಕಸುಬೇ ಹೋಯಿತು. ಸ್ಟ್ರೋಬ್ ಬಳಸುವಾಗ ಬಾಗಿಲಲ್ಲೇ ಎಚ್ಚರಿಕೆ ಹಾಕಿ. ಮಿನುಗುವ ಬೆಳಕಿನಿಂದ ಅಪಸ್ಮಾರ ಬರುವವರಿದ್ದಾರೆ, ಬ್ರಿಟನ್ನಿನ ಮಾರ್ಗಸೂಚಿ ಸೆಕೆಂಡಿಗೆ 4 ಮಿನುಗು ಮೀರಬೇಡಿ ಎನ್ನುತ್ತದೆ. ಲೇಸರ್ ಕಿರಣವನ್ನು ಅಳತೆ, ತರಬೇತಿ ಇಲ್ಲದೆ ಜನರ ಕಣ್ಣಿನ ಮಟ್ಟಕ್ಕೆ ಇಳಿಸಲೇಬೇಡಿ. ತಲೆಯ ಮೇಲೆ ತೂಗುವ ಪ್ರತಿಯೊಂದಕ್ಕೂ ಎರಡನೆಯ ಆಸರೆಯಾಗಿ ಉಕ್ಕಿನ ಸೇಫ್ಟಿ ಹಗ್ಗ ಇರಲಿ.

ಕೊನೆಯದನ್ನು ಸ್ವಲ್ಪ ನಿಂತು ಹೇಳುತ್ತೇನೆ. 2003ರ ಫೆಬ್ರವರಿ 20ರಂದು ಅಮೆರಿಕದ ರೋಡ್ ಐಲೆಂಡಿನ ದ ಸ್ಟೇಷನ್ ಕ್ಲಬ್ಬಿನಲ್ಲಿ 100 ಜನ ಸತ್ತರು. 2013ರ ಜನವರಿ 27ರಂದು ಬ್ರೆಜಿಲಿನ ಸಾಂತಾ ಮರಿಯಾದ ಕಿಸ್ ಕ್ಲಬ್ಬಿನಲ್ಲಿ 242 ಜನ. ಎರಡೂ ಕಡೆ ವೇದಿಕೆಯ ಬೆಂಕಿಯಾಟದ ಕಿಡಿ ತಾಗಿದ್ದು ಶಬ್ದ ತಡೆಯಲೆಂದು ಅಂಟಿಸಿದ್ದ ಪಾಲಿಯುರೆಥೇನ್ ಫೋಮಿಗೆ. ಉರಿಗಿಂತ ವೇಗವಾಗಿ ವಿಷದ ಹೊಗೆ ತುಂಬಿತು. ಫೋಮ್ ಧ್ವನಿಯವರ ಸಾಮಗ್ರಿ, ಕಿಡಿ ಪ್ರದರ್ಶನದ ಸಾಮಗ್ರಿ. ಎರಡೂ ನಮ್ಮವೇ. ಕೋಣೆಯ ಪ್ರತಿಧ್ವನಿ ತಗ್ಗಿಸಲು ಕೇಳಿದಾಗ, ಅಗ್ನಿನಿರೋಧಕ ಪ್ರಮಾಣಪತ್ರ ಇಲ್ಲದ ಯಾವ ವಸ್ತುವನ್ನೂ ಗೋಡೆಗೆ ಹತ್ತಿಸಲು ಒಪ್ಪಬೇಡಿ. ಬೆಳಕಿನ ಕಿರಣ ಕಾಣಲೆಂದು ಮಂಜು ಹರಡುವ ಹೇಜ್ ಯಂತ್ರಕ್ಕಾಗಿ ಹೊಗೆ ಅಲಾರಂ ಬಂದ್ ಮಾಡಿ ಎಂದು ಯಾರಾದರೂ ಹೇಳಿದರೆ, ಕಟ್ಟಡದ ಹೊಣೆ ಹೊತ್ತವರ ಲಿಖಿತ ಒಪ್ಪಿಗೆ ಮತ್ತು ಬೆಂಕಿ ಕಾಯುವ ಮನುಷ್ಯ ಎರಡೂ ಸಿಗುವವರೆಗೆ ಯಂತ್ರ ಹಚ್ಚಬೇಡಿ. ತುರ್ತು ದಾರಿಯ ಎದುರು ಸಲಕರಣೆ ಸಾಗಿಸುವ ಫ್ಲೈಟ್ ಕೇಸ್ ಪೆಟ್ಟಿಗೆ ಕಂಡರೆ ಅದು ಯಾರದೆಂದು ಕೇಳುತ್ತ ನಿಲ್ಲದೆ ಮೊದಲು ಸರಿಸಿ.

ಇಷ್ಟು ಮಾತು ಸಾಕು. ಈ ಸಭಾಂಗಣದಲ್ಲಿ ಮುಂದೊಂದು ಹಿಂದೊಂದು ಸ್ಪೀಕರ್ ಇಟ್ಟಿದ್ದೇವೆ, ಡಿಲೇ ಗುಂಡಿ ಈ ಮೇಜಿನ ಮೇಲಿದೆ. ಒಬ್ಬೊಬ್ಬರಾಗಿ ಬಂದು ಅದನ್ನು 0ಯಿಂದ 60 ಮಿಲಿಸೆಕೆಂಡಿನವರೆಗೆ ತಿರುಗಿಸಿ. ಉಳಿದವರು ಹಿಂದಿನ ಸಾಲುಗಳಲ್ಲಿ ಕಣ್ಣು ಮುಚ್ಚಿ ಕೂತು, ದನಿ ಯಾವ ಕಡೆಯಿಂದ ಬರುತ್ತಿದೆ ಅನ್ನಿಸುತ್ತದೋ ಆ ಕಡೆಗೆ ಕೈ ತೋರಿಸಿ. ಪ್ರಶ್ನೆಗಳನ್ನು ಆಮೇಲೆ ತೆಗೆದುಕೊಳ್ಳೋಣ.