ಇವತ್ತಿನ ಓದು ಎಷ್ಟು ಗಂಟೆಗೆ ಮುಗಿಯುತ್ತದೆ? ಯೂನಿವರ್ಸಿಟಿಯಲ್ಲಿ ಬರ್ನೌಟ್ ಆಗದ ಹಾಗೆ ಓದುವುದು

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ಕೇಳುತ್ತೇನೆ. ಇವತ್ತು ನಿಮ್ಮ ಓದು ಎಷ್ಟು ಗಂಟೆಗೆ ಮುಗಿಯುತ್ತದೆ? ಶುರುವಾಗುವ ಟೈಮ್ ಬೇಡ, ಅದನ್ನು ಟೈಮ್‌ಟೇಬಲ್‌ನಲ್ಲಿ ಎಲ್ಲರೂ ಬರೆದುಕೊಂಡಿರುತ್ತಾರೆ. ಮುಗಿಯುವ ಟೈಮ್ ಹೇಳಿ. ತುಂಬಾ ಜನರ ಹತ್ತಿರ ಇದಕ್ಕೆ ಉತ್ತರವೇ ಇರುವುದಿಲ್ಲ. ನಿದ್ದೆ ಬರುವ ತನಕ ಓದು, ಎದ್ದ ಮೇಲೆ ಮತ್ತೆ ಓದು, ನಡುವೆ ಊಟಕ್ಕೆ ಕೂತರೂ ತಲೆಯಲ್ಲಿ ಅಸೈನ್‌ಮೆಂಟ್. ನನ್ನ ಪ್ರಕಾರ ಬರ್ನೌಟ್‌ಗೆ, ಅಂದರೆ ದುಡಿದು ದುಡಿದು ಒಳಗಿನ ಶಕ್ತಿಯೇ ಬತ್ತಿಹೋಗುವುದಕ್ಕೆ, ದಾರಿ ಆಗುವುದೇ ಇಲ್ಲಿ.

[ಪರದೆ ಮೇಲೆ: 1974]

ಬರ್ನೌಟ್ ಅಂದರೆ ಈಗಿನ ಹುಡುಗರ ನೆಪ ಅಂತ ಯಾರಾದರೂ ನಿಮಗೆ ಹೇಳಿರಬಹುದು. 1974ರಲ್ಲೇ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ಇದರ ಬಗ್ಗೆ ಬರೆದಿದ್ದರು. ಅವರು ನ್ಯೂಯಾರ್ಕ್‌ನ ಒಂದು ಉಚಿತ ಕ್ಲಿನಿಕ್‌ನಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ ಸೋತು ಸುಣ್ಣವಾದವರು ಕೆಲಸಗಳ್ಳರಲ್ಲ, ಎಲ್ಲರಿಗಿಂತ ಜಾಸ್ತಿ ಮನಸ್ಸಿಟ್ಟು ದುಡಿಯುತ್ತಿದ್ದವರು. ಆಮೇಲೆ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಬರ್ನೌಟ್ ಅಳೆಯುವ ಒಂದು ಪ್ರಶ್ನಾವಳಿ ಮಾಡಿದರು, 2002ರಲ್ಲಿ ಅದರದ್ದೇ ವಿದ್ಯಾರ್ಥಿಗಳಿಗಾಗಿ ಮಾಡಿದ ರೂಪವೂ ಬಂತು. ಅದರಲ್ಲಿ ನೋಡುವುದು ಮೂರು ವಿಷಯ: ದಣಿವು, ಓದಿನ ಮೇಲೆ ತಾತ್ಸಾರ, ಮತ್ತು "ನನ್ನ ಕೈಲಿ ಆಗಲ್ಲ" ಅನ್ನುವ ಭಾವನೆ.

ದಣಿವು ಎಲ್ಲರಿಗೂ ಕಾಣುತ್ತದೆ. ನಡುವಿನದ್ದನ್ನು, ಆ ತಾತ್ಸಾರವನ್ನು ಮಾತ್ರ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಆಸೆಪಟ್ಟು ಸೇರಿದ ಕೋರ್ಸ್, ಈಗ ಆ ಕ್ಲಾಸಿಗೆ ಹೋಗಲು ಮನಸ್ಸಿಲ್ಲ, ಪಾಠ ಮಾಡುವವರ ಮೇಲೆ ಸಿಟ್ಟು, ಗ್ರೂಪ್ ಪ್ರಾಜೆಕ್ಟ್‌ನ ಗೆಳೆಯರ ಮೆಸೇಜ್ ಬಂದರೂ ಕಿರಿಕಿರಿ, "ಇದೆಲ್ಲ ಓದಿ ಏನಾಗಬೇಕು" ಅನ್ನುವ ಮಾತು. ನಿಮಗೆ ಈ ವಿಷಯ ಇಷ್ಟವಿಲ್ಲ ಅಂತ ಆಗ ಅನಿಸಿಬಿಡುತ್ತದೆ, ಕೋರ್ಸನ್ನೇ ಬಿಡುವ ಯೋಚನೆ ಬರುತ್ತದೆ. ದಯವಿಟ್ಟು ಆ ಹೊತ್ತಿನಲ್ಲಿ ಅಷ್ಟು ದೊಡ್ಡ ತೀರ್ಮಾನ ತೆಗೆದುಕೊಳ್ಳಬೇಡಿ, ಮೊದಲು ಒಂದಷ್ಟು ದಿನ ಸರಿಯಾಗಿ ನಿದ್ದೆ ಮಾಡಿ, ಆಮೇಲೆ ಯೋಚಿಸಿ.

ಇನ್ನೊಂದು ಮುಖ್ಯ ಮಾತು. ವಿಶ್ವ ಆರೋಗ್ಯ ಸಂಸ್ಥೆ ಬರ್ನೌಟನ್ನು ಕಾಯಿಲೆ ಅಂತ ಕರೆದಿಲ್ಲ, ಕೆಲಸದ ಒತ್ತಡಕ್ಕೆ ಸೇರಿದ ಸ್ಥಿತಿ ಅಂತ ಹೇಳಿದೆ. ಖಿನ್ನತೆ ಬೇರೆ, ಅದು ಕಾಯಿಲೆ. ರಜೆ ಬಂದರೂ ಮನಸ್ಸು ಹಗುರ ಆಗುತ್ತಿಲ್ಲ, ಓದಿನಲ್ಲಷ್ಟೇ ಅಲ್ಲ ಯಾವುದರಲ್ಲೂ ಖುಷಿ ಇಲ್ಲ, ಬದುಕೇ ಬೇಡ ಅನಿಸುತ್ತಿದೆ ಅಂದರೆ ವಿಡಿಯೋ ಇಲ್ಲೇ ನಿಲ್ಲಿಸಿ. ಹತ್ತಿರದವರೊಬ್ಬರಿಗೆ ಈಗಲೇ ಹೇಳಿ, ಡಾಕ್ಟರ್ ಹತ್ತಿರ ಹೋಗಿ. ಅದಕ್ಕೆ ಟೈಮ್‌ಟೇಬಲ್ ಬದಲಿಸಿದರೆ ಸಾಲದು.

[ಪರದೆ ಮೇಲೆ: 34 – 49 – 55]

ಈಗ ಈ ಅಂಕಿ ನೋಡಿ. ರೋಜರ್ ಬ್ಯೂಲರ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಗಾರರು 1994ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಥೀಸಿಸ್ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು "ಎಷ್ಟು ದಿನದಲ್ಲಿ ಮುಗಿಸುತ್ತೀರಿ" ಅಂತ ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. "ಎಲ್ಲವೂ ಕೆಟ್ಟರೆ?" ಅಂತ ಕೇಳಿದಾಗ ಸುಮಾರು 49. ನಿಜವಾಗಿ ಹಿಡಿದದ್ದು 55 ದಿನಕ್ಕೂ ಜಾಸ್ತಿ! ಅಂದರೆ ತೀರಾ ಕೆಟ್ಟ ಲೆಕ್ಕ ಹಾಕಿದಾಗಲೂ ಅವರು ಹೇಳಿದ್ದು ಕಡಿಮೆಯೇ. ಇವತ್ತು ಐದು ಚಾಪ್ಟರ್ ಮುಗಿಸುತ್ತೇನೆ ಅಂತ ಬರೆದುಕೊಳ್ಳುತ್ತೀರಿ, ಮೂರು ಆಗುತ್ತದೆ, ಉಳಿದ ಎರಡಕ್ಕೆ ನಿದ್ದೆಯಿಂದ ಗಂಟೆ ಕಿತ್ತುಕೊಳ್ಳುತ್ತೀರಿ, ಮಾರನೆಯ ದಿನ ತಲೆ ಓಡುವುದಿಲ್ಲ, ಆಗ ಎರಡೇ ಆಗುತ್ತದೆ. ತಪ್ಪು ನಿಮ್ಮ ಶಕ್ತಿಯದ್ದಲ್ಲ, ಲೆಕ್ಕದ್ದು.

ಹಾಗಾಗಿ ಲೆಕ್ಕವನ್ನು ತಿರುಗಿಸಿ ಹಾಕಿ. ರಾತ್ರಿ ಎಷ್ಟು ಗಂಟೆಗೆ ಪುಸ್ತಕ ಮುಚ್ಚುತ್ತೀರಿ ಅಂತ ಮೊದಲು ಗಟ್ಟಿ ಮಾಡಿ, ಅದಕ್ಕೆ ಹಿಂದೆ ಉಳಿದ ಸಮಯದಲ್ಲಿ ಎಷ್ಟು ಹಿಡಿಸುತ್ತದೋ ಅಷ್ಟನ್ನೇ ಇಟ್ಟುಕೊಳ್ಳಿ. ದೊಡ್ಡವರಿಗೆ 7 ಗಂಟೆಯಾದರೂ ನಿದ್ದೆ ಬೇಕು, ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದಕ್ಕೂ ಆ ನಿದ್ದೆಯೇ ಬೇಕು. ಕಾಫಿ ಸಂಜೆ ಮೇಲೆ ಬೇಡ, ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ಸುಮಾರು 5 ಗಂಟೆ ಆದ ಮೇಲೂ ಮೈಯಲ್ಲೇ ಇರುತ್ತದೆ.

"ಪುಸ್ತಕ ಮುಚ್ಚಿದರೂ ತಲೆ ನಿಲ್ಲಲ್ಲ" ಅಂತೀರಾ? ನಿಜ, ಅರ್ಧಕ್ಕೆ ಬಿಟ್ಟ ಕೆಲಸ ತಲೆಯಲ್ಲಿ ಕೊರೆಯುತ್ತಲೇ ಇರುತ್ತದೆ. ಅದನ್ನು ಯಾವಾಗ, ಎಲ್ಲಿಂದ, ಹೇಗೆ ಮುಂದುವರಿಸುತ್ತೀರಿ ಅಂತ ಬರೆದಿಟ್ಟರೆ ಆ ಕಾಟ ಕಡಿಮೆಯಾಗುತ್ತದೆ ಅಂತ ಮ್ಯಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಮನಶ್ಶಾಸ್ತ್ರಜ್ಞರು 2011ರಲ್ಲಿ ತೋರಿಸಿದ್ದಾರೆ. "ನಾಳೆ ಓದಬೇಕು" ಅಂತ ಸುಮ್ನೆ ಬರೆದರೆ ಆಗದು. "ನಾಳೆ 9ಕ್ಕೆ, ಮೂರನೇ ಲೆಕ್ಕದಿಂದ" ಅಂತ ಬರೆಯಿರಿ.

ಗಂಟೆ ಕಡಿಮೆ ಮಾಡಿದರೆ ಮಾರ್ಕ್ಸ್ ಕಡಿಮೆ ಆಗುತ್ತದೆ ಅನ್ನುವ ಭಯ ಇದೆ ಅಲ್ವಾ? ಆ ಗಂಟೆಗಳಲ್ಲಿ ಏನು ಮಾಡುತ್ತಿದ್ದಿರಿ ಅಂತ ನೋಡಿ. ಅದೇ ಪುಟವನ್ನು ನಾಲ್ಕನೇ ಸಲ ಓದುವುದು, ಬಣ್ಣ ಬಣ್ಣದ ಗೆರೆ ಎಳೆಯುವುದು. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನೇ ಪರೀಕ್ಷಿಸಿದರು. 5 ನಿಮಿಷದ ಮೇಲೆ ಕೇಳಿದರೆ ಮತ್ತೆ ಮತ್ತೆ ಓದಿದವರು ಮುಂದಿದ್ದರು. ವಾರದ ಮೇಲೆ ಕೇಳಿದರೆ, ಒಮ್ಮೆ ಓದಿ ಆಮೇಲೆ ಅದನ್ನು ನೆನಪಿನಿಂದ ಬರೆದು ನೋಡಿದವರೇ ಮುಂದೆ. ಬರೆದು ನೋಡುವುದು ಕಷ್ಟ, ಗೊತ್ತಿಲ್ಲದ್ದೆಲ್ಲ ಮುಖಕ್ಕೆ ಹೊಡೆಯುತ್ತದೆ. ಆದರೆ ಗಂಟೆಗಟ್ಟಲೆ ಕೂತರೂ ಏನೂ ಉಳಿಯದಿದ್ದಾಗಲೇ "ನನ್ನ ಕೈಲಿ ಆಗಲ್ಲ" ಅನ್ನುವುದು ಬೆಳೆಯುವುದು.

ಇಷ್ಟೆಲ್ಲ ಮಾಡಿದರೂ ಹಿಡಿಸುವುದಿಲ್ಲ ಅನ್ನುವವರಿದ್ದೀರಿ. ಓದಿನ ಜೊತೆ ಕೆಲಸಕ್ಕೆ ಹೋಗುವವರು, ಮನೆಯಲ್ಲಿ ಯಾರನ್ನೋ ನೋಡಿಕೊಳ್ಳುವವರು. ನಿಮಗೆ ಇನ್ನೊಂದು ಟಿಪ್ ಕೊಡುವುದು ಅನ್ಯಾಯ. ನಿಮ್ಮ ಹೊರೆಯೇ ಕಡಿಮೆಯಾಗಬೇಕು. ಈ ಸೆಮಿಸ್ಟರ್ ಒಂದು ವಿಷಯ ಕಡಿಮೆ ತೆಗೆದುಕೊಳ್ಳಬಹುದಾ, ಡೆಡ್‌ಲೈನ್ ಮುಂದೆ ಹೋಗುತ್ತದಾ ಅಂತ ಕೇಳಿ. ಕೊನೇ ರಾತ್ರಿ ಅಲ್ಲ, ವಾರ ಮೊದಲೇ. ಉದ್ದದ ಕ್ಷಮಾಪಣೆ ಬೇಡ, ಇಷ್ಟು ಬರೆದರೆ ಸಾಕು:

[ಪರದೆ ಮೇಲೆ ಪೂರ್ತಿ ಮೆಸೇಜ್, ಸ್ಕ್ರೀನ್‌ಶಾಟ್ ತೆಗೆದುಕೊಳ್ಳಲು ಸಮಯ ಕೊಡಿ]

"ಮೇಡಂ, ಈ ತಿಂಗಳು ನನಗೆ ಮೂರು ಪ್ರಾಜೆಕ್ಟ್ ಒಟ್ಟಿಗೆ ಬಂದಿವೆ. ನಿಮ್ಮ ವಿಷಯದ್ದು ಅರ್ಧ ಮುಗಿದಿದೆ, ಜೊತೆಗೆ ಕಳಿಸಿದ್ದೇನೆ. ಶುಕ್ರವಾರದ ಬದಲು ಮುಂದಿನ ಬುಧವಾರ ಪೂರ್ತಿ ಕೊಡಬಹುದಾ? ನಿಮಗೆ ಬಿಡುವಿದ್ದಾಗ ಬಂದು ಮಾತಾಡುತ್ತೇನೆ."