ಜಪ್ತಿ ಪಟ್ಟಿಯ ಆಚೆಗೆ: ಮಾದಕ ವಸ್ತು ತಡೆಯ ಬಗ್ಗೆ ಶಾಸಕರ ಸಮಿತಿ ಕೇಳಬೇಕಾದ್ದು

ರಾಯಚೂರಿನ ವಕೀಲ ಮಿತ್ರರೇ, ಆರೋಗ್ಯ ಇಲಾಖೆಯ ಸಿಬ್ಬಂದಿಯೇ, ಪಂಚಾಯಿತಿ ಸದಸ್ಯರೇ,

ವಿಧಾನಮಂಡಲದ ಸಮಿತಿ ಜಿಲ್ಲೆಗೆ ಬರುತ್ತದೆ ಅಂದರೆ ಕಚೇರಿಗಳಲ್ಲಿ ಮೊದಲು ಸಿದ್ಧವಾಗುವುದು ಜಪ್ತಿ ಪಟ್ಟಿ. ಇಷ್ಟು ಕೆಜಿ ಗಾಂಜಾ, ಇಷ್ಟು ಲೀಟರ್ ಸೇಂದಿ, ಇಷ್ಟು ಜನರ ಬಂಧನ. ಸಮಿತಿ ಕೇಳಬೇಕಾದ್ದು ಜಪ್ತಿಯ ನಂತರದ ಲೆಕ್ಕ.

ನಮ್ಮ ಗಡಿ ಭಾಗದ ಸಿಎಚ್ ಪೌಡರ್ ಸೇಂದಿಯನ್ನೇ ನೋಡಿ. ಅದರಲ್ಲಿ ಮರದಿಂದ ಇಳಿಸಿದ್ದು ಇರುವುದೇ ಅಪರೂಪ. ನೀರು, ಸಿಹಿಗೆ ಸ್ಯಾಕರಿನ್, ಮತ್ತಿಗೆ ಕ್ಲೋರಲ್ ಹೈಡ್ರೇಟ್ (ಇದೇ ಸಿಎಚ್ ಪೌಡರ್), ಕೆಲವೆಡೆ ನಿದ್ದೆ ಬರಿಸುವ ಅಲ್ಪ್ರಜೋಲಮ್ ಔಷಧಿ. ಅಬಕಾರಿಯವರು ದಾಳಿ ಮಾಡಿ ಅಡ್ಡೆ ಮುಚ್ಚಿಸುತ್ತಾರೆ. ಒಂದೆರಡು ದಿನದಲ್ಲೇ ದಿನಾ ಕುಡಿಯುತ್ತಿದ್ದವರ ಕೈ ನಡುಗುತ್ತದೆ, ನಿದ್ದೆ ಹತ್ತುವುದಿಲ್ಲ. ಕೆಲವರಿಗೆ ಫಿಟ್ಸ್ ಬರುತ್ತದೆ; ಇಲ್ಲದ್ದು ಕಂಡಂತಾಗಿ ಬಡಬಡಿಸುತ್ತಾರೆ. ಮನೆಯವರು ಗಾಳಿ ಸೋಕಿದೆ ಅಂದುಕೊಳ್ಳುತ್ತಾರೆ. ಇದು ಜೀವಕ್ಕೇ ಅಪಾಯ. ಡಯಾಜೆಪಾಮ್‌ನಂಥ, ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವ ಔಷಧಿಯನ್ನು ವೈದ್ಯರ ನಿಗಾದಲ್ಲಿ ಕೊಟ್ಟು, ಪ್ರಮಾಣವನ್ನು ಮೆಲ್ಲಗೆ ಇಳಿಸುತ್ತಾ ಬರಬೇಕು. ಹಾಗಾಗಿ ಸಮಿತಿ ಕೇಳಲಿ: ದಾಳಿ ಮುಗಿದ ಸಂಜೆಯೇ ತಾಲ್ಲೂಕು ಆಸ್ಪತ್ರೆಗೆ ಸುದ್ದಿ ಮುಟ್ಟಿಸುವ ಹೊಣೆ ಯಾರದು? ಔಷಧಿ ದಾಸ್ತಾನು ಎಷ್ಟಿದೆ? ಆಶಾ ಕಾರ್ಯಕರ್ತೆಯರು ಆ ಓಣಿಗೆ ಹೋದರೇ?

ಅಬಕಾರಿ, ಪೊಲೀಸ್, ಔಷಧ ನಿಯಂತ್ರಣ, ಆರೋಗ್ಯ, ಹೀಗೆ ಒಂದೇ ಕಾಯಿಲೆ ನಾಲ್ಕು ಫೈಲಿನಲ್ಲಿ ಹಂಚಿಹೋಗಿದೆ. ಇವರನ್ನು ಒಟ್ಟಿಗೆ ಕೂರಿಸಲೆಂದೇ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಎನ್‌ಕಾರ್ಡ್ ಎಂಬ ಮಾದಕ ವಸ್ತು ತಡೆಯ ಸಮನ್ವಯ ಸಮಿತಿ ಇದೆ. ಅದರ ನಡಾವಳಿಯನ್ನೇ ತರಿಸಿ ಓದಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶಕ್ಕೇ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಪಕ್ಕದ ಬಳ್ಳಾರಿಯಲ್ಲಿ ಮಾಡಿದ ಕೆಲಸ. ಅಂಥ ನೆಲದಲ್ಲಿ ಚಿಕಿತ್ಸೆಯ ಮಾತು ಕೊನೆಗೆ ಬರಬಾರದು.

ಇನ್ನು ಗಾಂಜಾ. 1985ರ ಮಾದಕ ವಸ್ತು ಕಾಯ್ದೆಯಡಿ (ಎನ್‌ಡಿಪಿಎಸ್) 1 ಕೆಜಿವರೆಗೆ ಸಣ್ಣ ಪ್ರಮಾಣ, 20 ಕೆಜಿ ಮೀರಿದರೆ ವಾಣಿಜ್ಯ ಪ್ರಮಾಣ. ವಾಣಿಜ್ಯ ಪ್ರಮಾಣವಾದರೆ ಕನಿಷ್ಠ 10 ವರ್ಷ ಶಿಕ್ಷೆ, ಜಾಮೀನೂ ಬಲು ಕಷ್ಟ. ಆದರೆ ಕಾಯ್ದೆ ಗಾಂಜಾ ಎನ್ನುವುದು ಗಿಡದ ಹೂ-ಕಾಯಿ ಕಟ್ಟಿದ ತುದಿಯನ್ನು. ತುದಿಯಿಲ್ಲದ ಬರೀ ಎಲೆ, ಬೀಜ ಲೆಕ್ಕಕ್ಕಿಲ್ಲ. ಹತ್ತಿ, ತೊಗರಿ ನಡುವೆ ಬೆಳೆದ ಹಸಿ ಗಿಡವನ್ನು ಬೇರು, ಕಾಂಡ, ಮಣ್ಣು ಸಮೇತ ತಕ್ಕಡಿಗೆ ಹಾಕಿದರೆ ತೂಕ ಏರುತ್ತದೆ. ತಿಂಗಳ ನಂತರ ಜಪ್ತಿ ಮಾಲು ಇಡುವ ಮಾಲ್‌ಖಾನೆಯಲ್ಲಿ ಅದೇ ಮೂಟೆ ಒಣಗಿ ಹಗುರಾಗಿರುತ್ತದೆ. ಎರಡು ತೂಕ ತಾಳೆಯಾಗದಿದ್ದರೆ ಪ್ರತಿವಾದಿ ವಕೀಲರು ಹಿಡಿಯುವುದೇ ಅಲ್ಲಿ. ತುದಿ ಬಿಡಿಸಿ ಬೇರೆ ತೂಗಿ, ಪಂಚನಾಮೆಯಲ್ಲಿ ಬರೆಯಬೇಕು. ಅದೇ ಕಾಯ್ದೆಯ 52ಎ ಕಲಮಿನಂತೆ ಮಾದರಿ ತೆಗೆಯುವುದು ಮ್ಯಾಜಿಸ್ಟ್ರೇಟರ ಎದುರಿಗೇ ಆಗಬೇಕು. 2022ರ ನಿಯಮದಂತೆ ಗಾಂಜಾಕ್ಕೆ 24 ಗ್ರಾಂ, ಅದೂ ಎರಡು ಪ್ರತಿ. ಜಪ್ತಿಯಾದ ದಿನ, ಮಾದರಿ ತೆಗೆದ ದಿನ, ಪ್ರಯೋಗಾಲಯ ತಲುಪಿದ ದಿನ: ಪ್ರತಿ ಪ್ರಕರಣಕ್ಕೂ ಈ ಮೂರು ತಾರೀಖು ಕೇಳಿದರೆ ಕೇಸು ಎಲ್ಲಿ ಸೊರಗುತ್ತಿದೆ ಎಂಬುದು ಅಲ್ಲೇ ಕಾಣುತ್ತದೆ.

ನೀವು ಸದನದ ಅರ್ಜಿಗಳ ಸಮಿತಿಗೆ ಬರೆಯುವುದಾದರೆ ಶಾಸಕರ ಮೇಲುಸಹಿ ಹಾಕಿಸಿ. ಕೋರ್ಟಿನಲ್ಲಿರುವ ಒಬ್ಬರ ಕೇಸನ್ನು ಎತ್ತಬೇಡಿ, ಅದು ತಿರಸ್ಕೃತವಾಗುತ್ತದೆ. ವ್ಯವಸ್ಥೆಯ ಲೋಪವನ್ನು ಊರು, ತಿಂಗಳು, ಆಸ್ಪತ್ರೆಯ ದಾಖಲೆ ಸಮೇತ ಬರೆಯಿರಿ. ಸದನದಲ್ಲಿ ಮಂತ್ರಿಗಳು "ಕ್ರಮ ಕೈಗೊಳ್ಳುತ್ತೇವೆ" ಎಂದಿದ್ದರೆ ಆ ಉತ್ತರದ ಪ್ರತಿ ತೆಗೆದಿಟ್ಟುಕೊಳ್ಳಿ. ಅದರ ಬೆನ್ನು ಹತ್ತುವುದು ಭರವಸೆಗಳ ಸಮಿತಿಯ ಕೆಲಸ.