ಬ್ಯಾಟರಿ ಉಬ್ಬಿದ ಹಳೇ ಫೋನು: ಪಿನ್ ಚುಚ್ಚೋದು ಯಾಕೆ ಅಪಾಯ?

[ಹತ್ತಿರದ ಶಾಟ್: ಫೋನಿನ ಬದಿ, ಎದ್ದಿರುವ ಸ್ಕ್ರೀನು]

ನಮಸ್ಕಾರ. ಡ್ರಾಯರಲ್ಲಿ ಎರಡು ವರ್ಷ ಬಿದ್ದಿದ್ದ ಫೋನು ಇದು. ಸ್ಕ್ರೀನಿನ ಈ ಅಂಚು ನೋಡಿ, ಉಗುರು ತೂರುವಷ್ಟು ಎದ್ದಿದೆ. ಅಂಟು ಬಿಟ್ಟಿದ್ದಲ್ಲ, ಬ್ಯಾಟರಿ ಊದಿಕೊಂಡು ಒಳಗಿಂದ ತಳ್ಳುತ್ತಿದೆ. ಅದುಮಿ ಕೂರಿಸೋಕೆ ಹೋಗಬೇಡಿ. ಕಳಚೋ ಬ್ಯಾಟರಿಯಾದರೆ ಮೇಜಿನ ಮೇಲಿಟ್ಟಾಗಲೇ ಗೊತ್ತಾಗುತ್ತೆ: ಬೆರಳು ತಾಗಿದರೆ ಬುಗುರಿ ಥರ ತಿರುಗುತ್ತೆ.

[ಗ್ರಾಫಿಕ್: ಬ್ಯಾಟರಿಯ ಒಳಪದರ]

ಒಳಗೆ ಒಂದು ಅಲ್ಯೂಮಿನಿಯಂ ಹಾಳೆ, ಒಂದು ತಾಮ್ರದ ಹಾಳೆ, ಸುತ್ತಿಟ್ಟ ಚಾಪೆ ಥರ ಪದರದ ಮೇಲೆ ಪದರ. ಎರಡೂ ತಾಗದ ಹಾಗೆ ನಡುವೆ ಸೆಪರೇಟರ್ ಅನ್ನೋ ಪ್ಲಾಸ್ಟಿಕ್ ಪೊರೆ, ತಲೆಕೂದಲಿಗಿಂತ ತೆಳು. ಇವನ್ನೆಲ್ಲ ನೆನೆಸಿರೋ ಎಲೆಕ್ಟ್ರೋಲೈಟ್ ದ್ರವ ವಯಸ್ಸಾದಂತೆ, ಬಿಸಿ ತಾಗಿದಂತೆ, ಸದಾ 100 ಪರ್ಸೆಂಟಲ್ಲೇ ಇಟ್ಟರೆ ಇನ್ನೂ ಬೇಗ, ಕೆಟ್ಟು ಗ್ಯಾಸ್ ಆಗುತ್ತೆ.

ಕೆಲವು ರಿಪೇರಿ ಅಂಗಡಿಗಳಲ್ಲಿ ಪಿನ್ ಚುಚ್ಚಿ ಗ್ಯಾಸ್ ಬಿಡ್ತಾರೆ. ಬ್ಯಾಟರಿ ಚಪ್ಪಟೆಯಾಗೋದು ನಿಜ. ಆದರೆ ಆ ಪಿನ್ನು ಅಲ್ಯೂಮಿನಿಯಂ, ಪೊರೆ, ತಾಮ್ರ ಎಲ್ಲವನ್ನೂ ಹೂವು ಪೋಣಿಸಿದ ಹಾಗೆ ಪೋಣಿಸಿಬಿಟ್ಟರೆ ಒಳಗೇ ಶಾರ್ಟ್, ಕ್ಷಣದಲ್ಲಿ ಬೆಂಕಿ. ಪದರಕ್ಕೆ ತಾಗದೆ ಉಳಿದರೂ ತೂತಿನಿಂದ ತೇವ ಹೋಗಿ, ಒಳಗಿನ ಲಿಥಿಯಂ ಉಪ್ಪಿನ ಜೊತೆ ಸೇರಿ ಹೈಡ್ರೋಜನ್ ಫ್ಲೋರೈಡ್ ಅನ್ನೋ ವಿಷಾನಿಲ ಹುಟ್ಟುತ್ತೆ.

“ಫೋಟೋ ತಗೊಳ್ಳೋಕೆ ಒಂದೇ ಒಂದ್ಸಲ ಚಾರ್ಜ್ ಮಾಡ್ಲಾ?” ಬೇಡ. ಫೋಟೋ ಇರೋದು ಬ್ಯಾಟರಿಯಲ್ಲಲ್ಲ. ಹೊಸ ಬ್ಯಾಟರಿ ಹಾಕಿಸಿದ ಮೇಲೂ ಅಲ್ಲೇ ಇರುತ್ತೆ.

[ಮೇಜಿನ ಮೇಲೆ ಸ್ಟೀಲ್ ಡಬ್ಬಿ, ಮರಳು, ಟೇಪು]

ಈಗ ಕೆಲಸ. ಫೋನ್ ಸ್ವಿಚ್ ಆಫ್ ಮಾಡಿ, ಕವರ್ ತೆಗೀರಿ. ಬ್ಯಾಟರಿ ಸಲೀಸಾಗಿ ಕೈಗೆ ಬಂದರೆ ಮಾತ್ರ ಕಳಚಿ, ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳ ಮೇಲೆ ಇನ್ಸುಲೇಷನ್ ಟೇಪ್ ಅಂಟಿಸಿ. ಬಿಗಿಯಾಗಿದ್ದರೆ, ಅಥವಾ ಒಳಗೆ ಅಂಟಿಸಿದ್ದಾದರೆ, ಫೋನಿನ ಸಮೇತ ಬಿಟ್ಟುಬಿಡಿ. ಸ್ಕ್ರೂಡ್ರೈವರಲ್ಲಿ ಮೀಟೋದು, ಹೇರ್ ಡ್ರೈಯರಲ್ಲಿ ಅಂಟು ಕರಗಿಸೋದು ಎರಡೂ ಬೇಡ. ಡಬ್ಬಿಗೆ ಎರಡು ಇಂಚು ಒಣ ಮರಳು, ಮೇಲೆ ಕಳಚಿದ ಬ್ಯಾಟರಿ, ಕಳಚದಿದ್ದರೆ ಫೋನು, ಅದರ ಮೇಲೆ ಮತ್ತೆ ಮರಳು. ಮುಚ್ಚಳ ಸುಮ್ಮನೆ ಮೇಲಿಡಿ. ಬಿಗಿದರೆ ಗ್ಯಾಸಿಗೆ ದಾರಿಯಿಲ್ಲದೆ ಡಬ್ಬಿಯೇ ಸಿಡಿಯಬಹುದು. ನೆರಳಿರೋ ಸಿಮೆಂಟ್ ನೆಲದ ಮೇಲಿಡಿ, ಬಟ್ಟೆ, ಪೇಪರು, ಗ್ಯಾಸ್ ಸಿಲಿಂಡರಿನಿಂದ ದೂರ. ಫ್ರಿಜ್ಜಿಗಂತೂ ಬೇಡವೇ ಬೇಡ.

ಸುಯ್ಯೆನ್ನೋ ಸದ್ದು, ನೇಲ್ ಪಾಲಿಶ್ ರಿಮೂವರ್‌ನಂಥ ಘಾಟು ಬಂತಾ? ಮುಟ್ಟಬೇಡಿ. ಎಲ್ಲರನ್ನೂ ಹೊರಗೆ ಕಳಿಸಿ 112ಕ್ಕೆ ಫೋನ್ ಮಾಡಿ. ಬೆಂಕಿ ಸಣ್ಣದಿದ್ದು, ಹೊಗೆ ಕುಡಿಯದೆ ದೂರ ನಿಂತು ಸಾಧ್ಯವಾದರೆ ಧಾರಾಳವಾಗಿ ನೀರು ಹೊಯ್ಯಿರಿ. ಆರಿತು ಅನ್ನಿಸಿದ ಮೇಲೂ ಒಳಗಿನ ಶಾಖಕ್ಕೆ ಮತ್ತೆ ಹೊತ್ತಿಕೊಳ್ಳಬಹುದು.

[ಕಸದ ಡಬ್ಬಿಯ ಮೇಲೆ ಅಡ್ಡಗೆರೆಯ ಚಿಹ್ನೆ]

2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಇದನ್ನ ಮನೆ ಕಸಕ್ಕೆ ಸೇರಿಸುವಂತಿಲ್ಲ. ಕಸದ ಲಾರಿಯಲ್ಲಿ ಒತ್ತಿ ತುಂಬುವಾಗ ಜಜ್ಜಿದರೆ ಲಾರಿಗೇ ಬೆಂಕಿ. ಕಂಪನಿಯ ಸರ್ವಿಸ್ ಸೆಂಟರಿಗೋ, ಅಧಿಕೃತ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೋ ಕೊಡಿ. ಹೋಗೋ ಮೊದಲು ಫೋನ್ ಮಾಡಿ “ಉಬ್ಬಿದೆ” ಅಂತ ಬಿಡಿಸಿ ಹೇಳಿ. ಎಲ್ಲರೂ ತಗೊಳ್ಳಲ್ಲ. ಕೊರಿಯರ್ ಮಾಡಬೇಡಿ, ಕೆಟ್ಟ ಲಿಥಿಯಂ ಬ್ಯಾಟರಿ ವಿಮಾನಕ್ಕೆ ಹತ್ತಿಸುವಂತಿಲ್ಲ. ಸ್ಕೂಟರಲ್ಲಿ ಒಯ್ಯುವಾಗ ಸೀಟಿನ ಕೆಳಗೆ ಇಡಬೇಡಿ, ಅಲ್ಲೇ ಪಕ್ಕದಲ್ಲಿ ಪೆಟ್ರೋಲ್ ಟ್ಯಾಂಕ್ ಇರುತ್ತೆ.